ಕತ್ತರಿಸಿದ ಕೆಮ್ಮು

ಪುಷ್ಪಾವತಿಗೆ ಪಾಠದ ರೆಕಾರ್ಡಿಂಗ್ ಕಳಿಸಿದರೆ ಮೊದಲು ಬರುವುದು ಅವಳ ಫೋನ್. "ಸರ್, ಸ್ವರ ಸ್ವಲ್ಪ ಕಟ್ಟಿದ ಹಾಗೆ ಉಂಟು. ಹುಷಾರಿದ್ದೀರಲ್ವಾ?" ನಮ್ಮ ಅಧ್ಯಾಪಕರಿಗೆ ಇದೊಂದು ತಮಾಷೆ. ಕಳೆದ ವಾರ ರಾಯ್‌ಸ್ಟನ್ ಸರ್ ನನ್ನ ಮೇಜಿನ ಹತ್ತಿರವೇ ಬಂದು ಕೇಳಿದರು: "ಎಂತ ಮಾರಾಯ್ರೆ, ನಿಮ್ಮದು ವಿಡಿಯೋ ವಿಭಾಗವಾ, ಆಸ್ಪತ್ರೆಯಾ?" ನಾನು ನಗಲಿಲ್ಲ. ಈ ವಿಷಯದಲ್ಲಿ ನಗುವ ಯೋಗ್ಯತೆ ನನಗಿಲ್ಲ.

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ, ಆನ್‌ಲೈನ್ ಪಾಠ ಮಾಡುವವರಿಗೆ ನೆರವಾಗಲು ಒಂದು ಕೋಣೆ ಇದೆ. ನಾನು ಅದರ ಮುಖ್ಯಸ್ಥ. ಮುಖ್ಯಸ್ಥ ಎಂದರೆ ದೊಡ್ಡ ಹುದ್ದೆಯೇನಲ್ಲ, ನನ್ನ ಕೈಕೆಳಗೆ ಇರುವುದು ಪುಷ್ಪಾವತಿ ಒಬ್ಬಳೇ. ಅಧ್ಯಾಪಕರು ಮನೆಯಲ್ಲಿ ಕುಳಿತು ಪಾಠ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅದರೊಳಗಿನ ತಡವರಿಕೆ, ಕುಕ್ಕರಿನ ಸೀಟಿ, ನಾಯಿಯ ಬೊಗಳಾಟ ಎಲ್ಲವನ್ನೂ ತೆಗೆದು ಚೊಕ್ಕ ಮಾಡುವುದು ಅವಳ ಕೆಲಸ.

ಅವಳು ಕಾಪುವಿನವಳು, ಮೀನುಗಾರರ ಮನೆಯ ಹೆಣ್ಣು. ಅವಳಪ್ಪ ದಡದಲ್ಲಿ ನಿಂತು, ಬರುವ ಬೋಟಿನ ಇಂಜಿನ್ ಸದ್ದಿನಲ್ಲೇ ಅದರ ಕಾಯಿಲೆ ಹೇಳುತ್ತಿದ್ದರಂತೆ. ಆ ಕಿವಿಯೇ ಇವಳಿಗೂ ಬಂದಿತ್ತು. ಸೇರಿದ ಹೊಸತರಲ್ಲಿ ಪ್ರತಿ ಪಾಠವನ್ನೂ ಪೂರ್ತಿ ಕೇಳುತ್ತಿದ್ದಳು. ದಿನಕ್ಕೆ ಎರಡು ಪಾಠವೂ ಮುಗಿಯುತ್ತಿರಲಿಲ್ಲ.

"ಕೇಳುತ್ತಾ ಕೂತರೆ ಆಗಲಿಕ್ಕಿಲ್ಲ, ಕಣ್ಣಿನಲ್ಲಿ ನೋಡಿ ಕತ್ತರಿಸು" ಎಂದು ಕಲಿಸಿದವನು ನಾನು. ಪರದೆಯ ಮೇಲೆ ಧ್ವನಿ ಗೆರೆಯಾಗಿ ಕಾಣುತ್ತದೆ. ಮಾತಾದರೆ ಏರಿಳಿತದ ಸಾಲು, ಕೆಮ್ಮಾದರೆ ಉದ್ದದ ಮುಳ್ಳು. ಎರಡು ಮುಳ್ಳು ಹತ್ತಿರ ಹತ್ತಿರ ಕಂಡರೆ ನಡುವಿನದ್ದನ್ನೂ ಸೇರಿಸಿ ತೆಗೆದುಬಿಡಬೇಕು. ಹಾಗೆ ಮಾಡಿದ ಮೇಲೆ ದಿನಕ್ಕೆ ಹತ್ತು ಪಾಠ ಮುಗಿಯತೊಡಗಿತು, ನನಗೆ ಮೇಲಿನವರಿಂದ ಶಹಭಾಸ್‌ಗಿರಿಯೂ ಸಿಕ್ಕಿತು. ಅದೇ ಬಾಯಲ್ಲಿ ಅಧ್ಯಾಪಕರಿಗೆ ಹೇಳಿದ್ದೆ: "ತಪ್ಪಾದರೆ ನಿಲ್ಲಿಸಬೇಡಿ. ಪುಷ್ಪಾವತಿಗೆ ಏನು ಹೇಳಲಿಕ್ಕುಂಟೋ ರೆಕಾರ್ಡಿಂಗಿನಲ್ಲೇ ಹೇಳಿಬಿಡಿ." ಕೇಳಬೇಡ ಎಂದು ಅವಳಿಗೆ, ಹೇಳಿ ಎಂದು ಅವರಿಗೆ. ಎಂಥ ಜಾಣ ನಾನು.

ಕುಕ್ಕುಂದೂರಿನ ವೆರೊನಿಕಾ ಮೇಡಂ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ನಿಯಮ ಎಂದರೆ ನಿಯಮ ಎನ್ನುವ ಜನ. ಕಳೆದ ವರ್ಷ ಅವರ ಪಾಠಗಳಲ್ಲಿ ಮುಳ್ಳುಗಳು ಹೆಚ್ಚಾಗುತ್ತಾ ಹೋದವು. ಪುಷ್ಪಾವತಿ ಕತ್ತರಿಸುತ್ತಾ ಹೋದಳು. ಇಪ್ಪತ್ತು ಪಾಠ ಮುಗಿಸಿದ ಮೇಲೆ ಮೇಡಂ ಆಸ್ಪತ್ರೆ ಸೇರಿದರು. ಶ್ವಾಸಕೋಶದ ಕಾಯಿಲೆ ಬಲಿತುಬಿಟ್ಟಿತ್ತು. ಎರಡೇ ವಾರದಲ್ಲಿ ತೀರಿಕೊಂಡರು.

ಕೋರ್ಸು ನಿಲ್ಲಲಿಲ್ಲ. ಮಣ್ಣಾದವರ ಸ್ವರ ಹೊಸ ಮಕ್ಕಳಿಗೆ ಸರಾಸರಿ ಕಲಿಸುತ್ತಲೇ ಇತ್ತು. ಹನ್ನೊಂದನೇ ಪಾಠದಲ್ಲಿ ಲೆಕ್ಕದ ಒಂದು ಹಂತ ಹಾರಿಹೋಗಿದೆ ಎಂದು ವಿದ್ಯಾರ್ಥಿನಿಯೊಬ್ಬಳು ಬರೆದಳು. ಪುಷ್ಪಾವತಿ ಮೂಲ ರೆಕಾರ್ಡಿಂಗ್ ತೆಗೆದು, ಎಷ್ಟೋ ಕಾಲದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಸ್ವಲ್ಪ ಹೊತ್ತಿಗೆ ಅದನ್ನು ನನ್ನ ಕಿವಿಗೆ ಇಟ್ಟಳು.

ಕೆಮ್ಮು. ಆಮೇಲೆ ಮೇಡಂ ಸ್ವರ: "ಪುಷ್ಪಾ, ಇದನ್ನು ತೆಗೆಯಿರಿ. ಈ ಕೆಮ್ಮು ಶುರುವಾಗಿ ಎರಡು ತಿಂಗಳಾಯಿತು. ಮಗಳಿಗೆ ಹೇಳಿದರೆ ಹೆದರುತ್ತಾಳೆ. ನೀವು ವಾರವಾರ ಕೇಳ್ತೀರಲ್ವಾ, ಜಾಸ್ತಿ ಆಗ್ತಾ ಉಂಟಾ? ಡಾಕ್ಟರಿಗೆ ತೋರಿಸಬೇಕಾ? ಒಂದು ಫೋನ್ ಮಾಡಿ, ಆಯ್ತಾ." ಹಾರಿಹೋಗಿದ್ದ ಲೆಕ್ಕದ ಹಂತ. ಮತ್ತೆ ಕೆಮ್ಮು. ಮತ್ತೆ ಪಾಠ.

ಹದಿಮೂರನೆಯದರಲ್ಲಿ ಇನ್ನೊಂದಿತ್ತು. "ಪುಷ್ಪಾ, ಫೋನ್ ಬರಲಿಲ್ಲ. ಪರವಾಗಿಲ್ಲ, ನಿಮಗೂ ಕೆಲಸ ಇರ್ತದೆ. ಹೇಳುವಷ್ಟು ಎಂತ ಇಲ್ಲ ಅಂತ ಕಾಣ್ತದೆ."

ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ಕಾಪುವಿನಿಂದ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರಾದರೂ ಕೆಮ್ಮಿದರೆ, ಮುಂದೆ ತನ್ನ ಹೆಸರು ಬರುತ್ತದೆಂದು ಕಾಯುತ್ತಾಳಂತೆ. ನನಗೂ ಆ ಸ್ವರ ಮೀಯುವಾಗ, ಉಣ್ಣುವಾಗ ಕೇಳುತ್ತದೆ. ಅದು ಕರೆಯುವುದು ಅವಳನ್ನು. ಉತ್ತರ ಕೊಡಬೇಕಾದವನು ನಾನು.

ಜುಲೈಯಲ್ಲಿ ಮೇಡಂ ಮಗಳು ಶಾರ್ಲೆಟ್ ಬರುತ್ತೇನೆಂದು ಫೋನ್ ಮಾಡಿದಳು. ಮಂಗಳೂರಿನಲ್ಲಿ ಕೆಲಸದಲ್ಲಿರುವವಳು. ಅವಳಿಗೆ ತಾಯಿಯ ಕತ್ತರಿಸದ ರೆಕಾರ್ಡಿಂಗ್ ಬೇಕಿತ್ತು.

"ಮೂಲದ್ದು ಅಳಿಸಿಹೋಗಿದೆ ಅಂತ ಹೇಳುವ" ಎಂದೆ ನಾನು. ನನಗೆ ಹೆದರಿಕೆಯಾಗಿತ್ತು, ಅದನ್ನೀಗ ಮುಚ್ಚಿಟ್ಟು ಪ್ರಯೋಜನವಿಲ್ಲ.

"ಮತ್ತೊಮ್ಮೆ ಕತ್ತರಿಸಬೇಕಾ ಸರ್?" ಎಂದಳು ಪುಷ್ಪಾವತಿ.

ಶಾರ್ಲೆಟ್ ಬಂದಾಗ ಪುಷ್ಪಾವತಿಯೇ ಎದುರು ಕುಳಿತು ಎಲ್ಲವನ್ನೂ ಹೇಳಿದಳು. ನಾನು ಕಲಿಸಿದ್ದೆಂದು ಒಂದು ಮಾತೂ ಆಡಲಿಲ್ಲ. ಅದನ್ನು ನಾನೇ ಹೇಳಬೇಕಾಯಿತು. ಶಾರ್ಲೆಟ್ ಎರಡೂ ತುಣುಕುಗಳನ್ನು ಕೇಳಿದಳು. ಹೆಡ್‌ಫೋನ್ ತೆಗೆದು ಅದರ ವೈರನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟಳು. ಬೈಯುತ್ತಾಳೆಂದು ನಾವಿಬ್ಬರೂ ಕಾದೆವು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಮಮ್ಮಿ ಫೋನಿನಲ್ಲಿ ಎರಡೇ ಮಾತಾಡಿ ಇಡುತ್ತಿದ್ದರು. ನಾನು ಹೋದಾಗ ಬಾಯಲ್ಲಿ ಯಾವಾಗಲೂ ಶುಂಠಿ" ಎಂದಳು. "ನನಗೆ ಸಂಶಯ ಬಂದಿತ್ತು ಅಕ್ಕ. ಅದಕ್ಕೆ ಪ್ರತಿ ವಾರ ಅವರ ಪಾಠ ಹಾಕಿ ನೋಡುತ್ತಿದ್ದೆ. ಒಂದು ಗಂಟೆಯ ಪಾಠ, ಒಂದು ಕೆಮ್ಮೂ ಇಲ್ಲ. ಮಮ್ಮಿ ಹುಷಾರಿದ್ದಾರೆ ಅಂತ ಎಣಿಸಿದೆ."