ತೊಳೆದು ಕುಡಿದ ತಾಟು

ಚಂದ್ರಶೇಖರಪ್ಪನವರು ಉಂಡೆದ್ದ ತಾಟನ್ನು ನೋಡಿದರೆ ಅದರಲ್ಲಿ ಯಾರಾದರೂ ಉಂಡಿದ್ದರೆಂದು ಹೇಳಲು ಸಾಧ್ಯವೇ ಇರಲಿಲ್ಲ. ಕೊನೆಯ ಅಗುಳನ್ನೂ ಬಳಿದು ತಿಂದು, ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದೇ ಏಳುವುದು ಅವರ ಲಿಂಗಾಯತ ಮನೆತನದ ಪದ್ಧತಿ. ಪ್ರಸಾದ ಕೆಡಿಸಬಾರದು, ಅಷ್ಟೆ. ಗದಗು ಬಿಟ್ಟು ನ್ಯೂಜೆರ್ಸಿಯ ಮೆಟುಚೆನ್‌ಗೆ ಬಂದು ಎಷ್ಟೋ ವರ್ಷವಾಗಿತ್ತು. ಮಕ್ಕಳು “ಅಪ್ಪಾ ಪ್ಲೀಸ್, ನಾಟ್ ಇನ್ ದ ರೆಸ್ಟೋರೆಂಟ್” ಎಂದು ಮುಖ ಮುಚ್ಚಿಕೊಳ್ಳುತ್ತಿದ್ದರು. ಇವರು ಜಪ್ಪಯ್ಯ ಎಂದರೂ ಬಿಡಲಿಲ್ಲ.

ಬ್ರೆಡ್ ಬೇಯಿಸುವ ದೊಡ್ಡ ದೊಡ್ಡ ಒಲೆಗಳನ್ನು ತಯಾರಿಸುವ ಕಂಪನಿಯಲ್ಲಿ ಅವರು ಎಂಜಿನಿಯರ್. ತೊಂಬತ್ತೊಂದರ ಚಳಿಗಾಲದಲ್ಲಿ ಒಲೆ ಕೂರಿಸಲೆಂದು ಕಂಪನಿ ಅವರನ್ನು ಮಾಸ್ಕೋಗೆ ಕಳಿಸಿತು. ಅಲ್ಲಿನ ಕಾರ್ಖಾನೆಯವರು ನೀನಾ ಎಂಬ ನಿವೃತ್ತ ಕೆಲಸಗಾರ್ತಿಯ ಮನೆಯಲ್ಲಿ ಕೋಣೆ ಕೊಡಿಸಿದರು. ಮಾಂಸ, ಮೊಟ್ಟೆ ಬೇಡವೆಂದು ದುಭಾಷಿ ಯೂರಿಯಿಂದ ಹೇಳಿಸಿದ್ದಾಯಿತು.

ಹಿಂತಿರುಗಿದ ಮೇಲೆ ಹಿಲ್ಸ್‌ಬರೋದ ಕೃಷ್ಣಮೂರ್ತಿಯವರ ಮನೆಯಲ್ಲಿ ಕನ್ನಡದವರು ಸೇರಿದಾಗ ಇವರದೇ ದರ್ಬಾರು. ಮಾಸ್ಕೋದಲ್ಲಿ ಅಂಗಡಿಗಳೆಲ್ಲ ಖಾಲಿ, ಜನ ಮೊದಲು ಸಾಲಿನಲ್ಲಿ ನಿಂತುಬಿಡುತ್ತಾರೆ, ಏನು ಮಾರುತ್ತಿದ್ದಾರೆಂದು ಆಮೇಲೆ ಕೇಳುತ್ತಾರೆ. ದಾರಿಯಲ್ಲಿ ಏನಾದರೂ ಸಿಕ್ಕೀತೆಂದು ಎಲ್ಲರ ಜೇಬಿನಲ್ಲೂ ಒಂದು ಬಲೆಚೀಲ ಇದ್ದೇ ಇರುತ್ತದೆ. ಸಕ್ಕರೆಗೆ ರೇಷನ್ ಚೀಟಿ ಬೇಕು. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ನೀನಾ ಮಾತ್ರ ತಮಗೆ ಏನೂ ಕಡಿಮೆ ಮಾಡಲಿಲ್ಲ ಎಂದರು ಚಂದ್ರಶೇಖರಪ್ಪ. ಎಲೆಕೋಸಿನ ಸಾರು, ಬೇಯಿಸಿದ ಆಲೂಗಡ್ಡೆ, ಹುಳಿ ಹುಳಿ ಕಪ್ಪು ಬ್ರೆಡ್ಡು. ಇವರು ತಾಟು ತೊಳೆದು ಕುಡಿದ ಕೂಡಲೇ ಆಕೆ ಮತ್ತೆ ತಂದು ಸುರಿಯುತ್ತಿದ್ದಳಂತೆ. ಕೈ ಅಡ್ಡ ಹಿಡಿದರೂ ಕೇಳುತ್ತಿರಲಿಲ್ಲವಂತೆ. ಬಡಿಸಿದ ಮೇಲೆ ಬಿಡುವ ಹಾಗಿಲ್ಲವಲ್ಲ, ಹೊಟ್ಟೆ ಬಿರಿಯುವಂತೆ ತಿಂದು ಇವರು ಮತ್ತೆ ತೊಳೆದು ಕುಡಿಯುತ್ತಿದ್ದರು. ಹಾಗೆಂದು ಅವರೂ ಹೊಟ್ಟೆ ಸವರಿಕೊಂಡು ನಕ್ಕರು.

ಏಪ್ರಿಲ್‌ನಲ್ಲಿ ಯೂರಿ ತರಬೇತಿಗೆಂದು ನ್ಯೂಜೆರ್ಸಿಗೆ ಬಂದ. ಊಟಕ್ಕೆ ಕರೆದರು. ಹೆಂಡತಿ ಚನ್ನಬಸಮ್ಮ ರೊಟ್ಟಿ, ಎಣಗಾಯಿ ಪಲ್ಯ ಬಡಿಸಿದರು. ಚಂದ್ರಶೇಖರಪ್ಪನವರು ಎಂದಿನಂತೆ ತಾಟು ತೊಳೆದು ಕುಡಿದಾಗ ಯೂರಿ ತಿನ್ನುವುದನ್ನು ನಿಲ್ಲಿಸಿದ. ಇಷ್ಟೆಲ್ಲ ಇರುವ ಮನೆಯಲ್ಲೂ ಹೀಗೇಕೆ ಎಂದು ಕೇಳಿದ. ಇದು ತಮ್ಮ ಪದ್ಧತಿ ಎಂದು ವಿವರಿಸಿದಾಗ ಅವನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ನೀನಾಳ ವಿಷಯ ಹೇಳಿದ.

ನೀನಾ ಅದನ್ನು ಹಸಿವೆಂದು ತಿಳಿದಿದ್ದಳು. ಯುದ್ಧದ ಕಾಲದಲ್ಲಿ ಅವಳ ಪುಟ್ಟ ತಮ್ಮ ಹೀಗೆಯೇ ತಟ್ಟೆ ತೊಳೆದು ಕುಡಿಯುತ್ತಿದ್ದ, ಹಸಿವಿನಿಂದಲೇ ಸತ್ತ. ಎಷ್ಟು ಹಾಕಿದರೂ ಈ ಇಂಡಿಯಾದವನ ಹೊಟ್ಟೆ ತುಂಬುತ್ತಿಲ್ಲವೆಂದು ಅವಳು ನೆರೆಹೊರೆಯವರ ಹತ್ತಿರ ಗೋಳಾಡುತ್ತಿದ್ದಳಂತೆ. ತನ್ನ ಪಾಲನ್ನು ಇವರಿಗೆ ಸುರಿದು ತಾನು ಬರೀ ಚಹಾ ಕುಡಿದು ಮಲಗುತ್ತಿದ್ದಳಂತೆ. ಈಗ ಹಾಸಿಗೆ ಹಿಡಿದಿದ್ದಾಳೆ ಎಂದ ಯೂರಿ.

ಆ ಕ್ಷಣದಿಂದ ಚಂದ್ರಶೇಖರಪ್ಪನವರಿಗೆ ಒಂದೇ ಹುಚ್ಚು. ಅವಳು ಬದುಕಿರುವಾಗಲೇ, ತಮಗೆ ಹಸಿವಿರಲಿಲ್ಲವೆಂದು ಹೇಳಬೇಕು. ಯೂರಿಯ ಕೈಯಲ್ಲಿ ಕಳಿಸಲೆಂದು ಅಕ್ಕಿ, ಸಕ್ಕರೆ, ಹಾಲಿನ ಪುಡಿ ತಂದು ಪೆಟ್ಟಿಗೆಗೆ ತುಂಬಿದರು. ಅವನು ಹೊರಡುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮಾಸ್ಕೋಗೆ ಫೋನ್ ಬುಕ್ ಮಾಡಿದರು. ಲೈನ್ ಸಿಗಲಿಲ್ಲ. ಮತ್ತೆ ಮಾಡಿದರು, ಮತ್ತೆ ಸಿಗಲಿಲ್ಲ. ಆಫೀಸಿಗೆ ರಜೆ ಹಾಕಿ ಫೋನಿನ ಪಕ್ಕದಲ್ಲೇ ಕೂತರು. ಆಪರೇಟರ್ ಹುಡುಗಿಯ ಮುಂದೆ ನಾಚಿಕೆ ಬಿಟ್ಟು ಅಂಗಲಾಚಿದರು.

ಭಾನುವಾರ ಯೂರಿ ಮನೆಯಲ್ಲಿದ್ದಾಗ ಲೈನ್ ಸಿಕ್ಕಿತು. ಎತ್ತಿದ್ದು ಪಕ್ಕದ ಮನೆಯಾಕೆ. ಯೂರಿ ರಷ್ಯನ್ನಿನಲ್ಲಿ ಮಾತಾಡಿದ, ಕೇಳಿದ, ರಿಸೀವರಿಗೆ ಕೈ ಅಡ್ಡ ಹಿಡಿದು ಇವರತ್ತ ತಿರುಗಿದ. ನೀನಾ ಮೊನ್ನೆಯೇ ತೀರಿಹೋದಳು. ಇಂಡಿಯಾದವನು ಮತ್ತೆ ಬಂದರೆ ಇರಲೆಂದು ಒಂದು ಚೀಲ ಬ್ರೆಡ್ ಒಣಗಿಸಿ ಇಟ್ಟಿದ್ದಾಳೆ, ಅದನ್ನೇನು ಮಾಡಲಿ ಎಂದು ಆಕೆ ಕೇಳುತ್ತಿದ್ದಾಳೆ ಎಂದ.

ಚಂದ್ರಶೇಖರಪ್ಪನವರು ಫೋನಿನ ಪಕ್ಕದಿಂದ ಎದ್ದು ಹೋದರು. ಸಂಜೆ ಒತ್ತಾಯಕ್ಕೆ ಊಟಕ್ಕೆ ಕೂತು, ಅರ್ಧಕ್ಕೆ ಕೈ ತೊಳೆದರು. ಮದುವೆಯಾದಂದಿನಿಂದ ಕಾಣದ್ದನ್ನು ಕಂಡ ಚನ್ನಬಸಮ್ಮ ಗಾಬರಿಯಾದರು.

“ತಾಟಿನಾಗ ಬಿಟ್ಟೀರಲ್ರೀ?”

ಅವರು ಆ ಅರ್ಧ ರೊಟ್ಟಿಯನ್ನೇ ನೋಡುತ್ತಿದ್ದರು.

“ಅಲ್ಲಿ ಒಂದು ತುತ್ತು ಹಿಂಗ ಬಿಟ್ಟಿದ್ರ ಸಾಕಿತ್ತು,” ಎಂದರು. “ಆಕಿ ಬಡಿಸೂದು ನಿಲ್ಲಿಸಿ, ತಾ ಉಣತಿದ್ಲು.”