ಬೋರೇಗೌಡರ ವಿಯೆಟ್ನಾಂ ವಾಸ

ಮೊನ್ನೆ ಹೆಮ್ಮಿಗೆಗೆ ಹೋಗುವಾಗ ಬಾತುಕೋಳಿಗಳ ಹಿಂಡೊಂದು ಅಡ್ಡ ಬಂತು. ಭತ್ತ ಕೊಯ್ದ ಗದ್ದೆಗಳಲ್ಲಿ ಮೇಯಿಸಲು ಅವನ್ನು ಎಲ್ಲಿಂದಲೋ ತರುತ್ತಾರೆ, ನೀವೂ ನೋಡಿರುತ್ತೀರಿ. ರಸ್ತೆ ತಮ್ಮ ಅಪ್ಪನ ಆಸ್ತಿ ಅನ್ನುವ ಧಾಟಿಯಲ್ಲಿ ನಡೆದುಕೊಂಡು ಹೋಗುತ್ತಿದ್ದವು. ಹಿಂದಿದ್ದ ಟ್ರ್ಯಾಕ್ಟರಿನವನು ಹಾರನ್ ಒತ್ತುತ್ತಲೇ ಇದ್ದ. ನಾನು ಸ್ಕೂಟರ್ ನಿಲ್ಲಿಸಿದೆ, ಇಳಿದೆ, ಹೆಲ್ಮೆಟ್ ತೆಗೆದೆ, ಕೈ ಮುಗಿದು ನಿಂತೆ. ಟ್ರ್ಯಾಕ್ಟರಿನವನು ಹಾರನ್ ಬಿಟ್ಟು, "ಯಾಕ್ ಸಾ, ಉಸಾರಿಲ್ವಾ?" ಅಂದ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮನುಷ್ಯ ಬಾತುಕೋಳಿಗೆ ಕೈ ಮುಗಿಯಬಾರದು, ಒಪ್ಪಿದೆ. ಆದರೆ ನಮ್ಮ ಮನೆಯ ಹಿರಿಯರ ಎಡೆಯನ್ನು ಉಂಡ ಕುಲ ಅದು. ಅವನಿಗೆ ಅದನ್ನೆಲ್ಲ ವಿವರಿಸುವಷ್ಟು ಹೊತ್ತು ರಸ್ತೆಯಲ್ಲಿ ಇರಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ಹೆಂಡತಿಯ ತಂದೆಯವರದು ನರಸೀಪುರದಲ್ಲಿ ಗೊಬ್ಬರದ ಅಂಗಡಿ, ಊರು ಹೆಮ್ಮಿಗೆ. ಹೋದ ವರ್ಷ ಮಾವ ಯಾವುದೋ ಗೊಬ್ಬರವನ್ನು ಎಷ್ಟು ಮಾರಿದರೋ ಕಾಣೆ, ಕಂಪನಿಯವರು ಖುಷಿಯಾಗಿ ವಿಯೆಟ್ನಾಂ ಪ್ರವಾಸವನ್ನೇ ಬಹುಮಾನ ಕೊಟ್ಟುಬಿಟ್ಟರು. ಇಬ್ಬರಿಗೆ. ಅತ್ತೆ "ಅಸ ಈಯೋ ದಿವ್ಸ, ನಾನೆಲ್ಲಿ ಬರನ" ಎಂದು ಕೊಟ್ಟಿಗೆಗೆ ನಡೆದರು. ಹಾಗಾಗಿ ಆ ಸೀಟು ನಂಜನಗೂಡಿನಲ್ಲಿದ್ದ ನನ್ನ ಪಾಲಿಗೆ ಬಂತು, ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ. ಎಲೆ ಬಿಸಿಲಿನಲ್ಲಿ ಹೇಗೆ ಆಹಾರ ತಯಾರಿಸುತ್ತದೆ ಎನ್ನುವುದನ್ನು ನಾನು ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳಬಲ್ಲೆ. ಕಕ್ಕಸು ಎಲ್ಲಿದೆ ಎಂದು ಕೇಳಲು ಮಾತ್ರ ಬೆವರುತ್ತೇನೆ. ಅದು ಮಾವನಿಗೆ ಗೊತ್ತಿರಲಿಲ್ಲ.

ಎಲ್ಲ ಸರಿಯಿತ್ತು, ದಿನ ಒಂದು ಸರಿಯಿರಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಜನ ಹೊಸ್ತಿಲು ದಾಟುವುದಿಲ್ಲ, ಟಿಕೆಟ್ ಅಗ್ಗ. ಕಂಪನಿಯವರು ಅದನ್ನೇ ನೋಡಿ ತೆಗೆಸಿದ್ದರು. ನಾವು ಅಲ್ಲಿರುವಾಗಲೇ ಮಹಾಲಯ ಅಮಾವಾಸ್ಯೆ ಬರುತ್ತಿತ್ತು. ನಮ್ಮ ಕಡೆ ಅಂದು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ಜೊತೆಗೆ ಅವರಿಗೆ ಇಷ್ಟವಾಗಿದ್ದ ಬೀಡಿಯೋ ಬ್ರಾಂದಿಯೋ. ಧೂಪ ಹಾಕಿ, ಅವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಆಮೇಲೆ ಒಂದು ಪಾಲು ಮಾಡಿನ ಮೇಲೆ ಕಾಗೆಗೆ. ಕಾಗೆ ಮುಟ್ಟಿತೆಂದರೆ ಹಿರಿಯರು ತೃಪ್ತರಾಗಿ ಹೊರಟರು ಎಂದು ಲೆಕ್ಕ.

ಮಾವನ ತಂದೆ ಬೋರೇಗೌಡರು ತೀರಿಕೊಂಡು ಬಹಳ ವರ್ಷವಾಗಿತ್ತು. ಅಜ್ಜಿ, ಅಂದರೆ ಅವರ ಹೆಂಡತಿ, ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಮೇಲಿನ ಫೋಟೋ ಮುಂದೆ ಒಂದು ಲೋಟ ಕಾಫಿ ಇಟ್ಟು, ಅರ್ಧ ಗಂಟೆ ಜಗಳ ಆಡುತ್ತಿದ್ದರು. ಬೋರೆವೆಲ್ ಕೆಟ್ಟರೂ ಗಂಡನದೇ ತಪ್ಪು, ಕರೆಂಟು ಹೋದರೂ ಗಂಡನದೇ ತಪ್ಪು. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ಮಲಗಿದ್ದ ನಾನು, ಅಜ್ಜ ಬದುಕಿದ್ದಾರೆಂದೇ ತಿಳಿದು ನಮಸ್ಕಾರ ಮಾಡಲು ಎದ್ದು ಬಂದಿದ್ದುಂಟು.

ವಿಯೆಟ್ನಾಮಿನ ಸುದ್ದಿ ಕೇಳಿ ಅಜ್ಜಿ ಮಗನಿಗೆ ಒಂದೇ ಮಾತು ಹೇಳಿದರು. "ಎಲ್ಲಿಗಾದ್ರೂ ಓಗ್ಲಾ. ನಿಮ್ಮಪ್ಪ ಅಮಾಸೆ ದಿನ ಅಸ್ಕೊಂಡಿರಬಾರದು. ದೊಡ್ಡ ಮಗ ನೀನು, ನೀನಿದ್ದ ತಾವೇ ಎಡೆ." ರಾಗಿ ಹಿಟ್ಟು, ಒಂದು ಕಟ್ಟು ಬೀಡಿ, ಚೌಕಟ್ಟು ಹಾಕಿದ್ದ ಬೋರೇಗೌಡರ ಸಣ್ಣ ಫೋಟೋ, ಎಲ್ಲವನ್ನೂ ಕಟ್ಟಿಕೊಟ್ಟರು. ನಾನು ನಂಜನಗೂಡು ರಸಬಾಳೆ ಒಯ್ದೆ. ಅದು ಬೆಂಗಳೂರು ದಾಟುವಷ್ಟರಲ್ಲೇ ಕಪ್ಪಾಗಿ, ನನ್ನ ಅಂಗಿಗಳಿಗೆಲ್ಲ ಪ್ರಸಾದವಾಗಿ ಹಂಚಿಹೋಯಿತು.

ಹನೋಯ್ ನಗರದ ಬಗ್ಗೆ ಹೇಳುವುದಾದರೆ, ಅಲ್ಲಿ ರಸ್ತೆ ದಾಟುವುದೇ ಒಂದು ಪ್ರೇಕ್ಷಣೀಯ ಸ್ಥಳ. ಸ್ಕೂಟರುಗಳು ನಿಲ್ಲುವುದಿಲ್ಲ, ನೀವೂ ನಿಲ್ಲಬಾರದು. ಮೆಲ್ಲಗೆ ನಡೆಯುತ್ತಿದ್ದರೆ ಅವೇ ಸುತ್ತಿ ಹೋಗುತ್ತವೆ. ಮಾವ ಕಣ್ಣು ಮುಚ್ಚಿ "ನಂಜುಂಡಪ್ಪಾ, ನಂಜುಂಡಪ್ಪಾ" ಎನ್ನುತ್ತ ದಾಟಿದರು. ಆ ಕಡೆ ತಲುಪಿ ಕಣ್ಣು ಬಿಟ್ಟಾಗ, ನಾನು ಇನ್ನೂ ಈ ಕಡೆಯೇ ಇದ್ದೆ. ಮೊಟ್ಟೆಯ ಹಳದಿ ಕಡೆದು ಹಾಕಿದ ಕಾಫಿ ಕುಡಿದೆವು. ಮಾವ, "ಕಾಫಿ ಅಲ್ಲ, ಆದ್ರೂ ಬುಡಕ್ಕಾಗಕ್ಕಿಲ್ಲ" ಎಂದು ಇನ್ನೊಂದು ತರಿಸಿದರು. ಬಿಸಿ ಸಾರಿನ ಶಾವಿಗೆ ಬಂದಾಗಲೆಲ್ಲ ನಾನು ಎದ್ದು ಹೋಗಿ, ಇದು ದನದ್ದೋ ಕೋಳಿಯದೋ ಎಂದು ಅಡುಗೆಯವರ ಮುಂದೆ ರೆಕ್ಕೆ ಬಡಿದು ತೋರಿಸಿ ಕೇಳಬೇಕಿತ್ತು. ಇಂಗ್ಲಿಷಿಗಿಂತ ಅದೇ ಸಲೀಸು.

ಮೊದಲ ದಿನದ ಊಟದಲ್ಲೇ ನನ್ನಿಂದ ಒಂದು ಅನಾಹುತವಾಯಿತು. ಆ ಎರಡು ಕಡ್ಡಿಗಳ ಸಹವಾಸ ಸಾಕಾಗಿ, ಅವನ್ನು ಅನ್ನದ ಬಟ್ಟಲಲ್ಲಿ ನೆಟ್ಟಗೆ ಚುಚ್ಚಿ ಚಮಚ ಕೇಳಿದೆ. ಬಡಿಸುತ್ತಿದ್ದ ಹುಡುಗಿ ಹೌಹಾರಿದಳು. ಹಾಗೆ ಮಾಡಬಾರದು, ಸತ್ತವರ ಮುಂದೆ ಇಡುವ ಬಟ್ಟಲಲ್ಲಿ ಮಾತ್ರ ಕಡ್ಡಿ ಹಾಗೆ ನಿಲ್ಲಿಸುವುದು ಎಂದು ನಮ್ಮ ಗೈಡ್ ವಿವರಿಸಿದ. ನಾನು ನಾಚಿ ಕಡ್ಡಿ ಕಿತ್ತೆ. ಮಾವನ ಮುಖ ಮಾತ್ರ ಅರಳಿತು. "ಅಂಗಾದ್ರೆ ಇವ್ರೂ ಎಡೆ ಇಕ್ತಾರೆ ಅಂತಾಯ್ತು! ನಮ್ಮೋರೇ ಕಣ್ರೀ ಅಳಿಯಂದ್ರೇ!"

ಆಮೇಲೆ ಅವರಿಗೆ ನೋಡಿದ್ದೆಲ್ಲ ಅದೇ. ನಿನ್ ಬಿನ್ ಎಂಬ ಕಡೆ ಕಾಲಿನಲ್ಲಿ ಹುಟ್ಟು ಹಾಕಿ ದೋಣಿ ನಡೆಸುತ್ತಾರೆ. ಕಂಪನಿಯವರು ಆ ದೋಣಿಯಲ್ಲಿ ಕೂರಿಸಿದರೆ, ನಮ್ಮಂತೆ ಬಹುಮಾನ ಗೆದ್ದು ಬಂದಿದ್ದ ಬೇರೆ ಊರಿನ ಗೊಬ್ಬರದಂಗಡಿಯವರೆಲ್ಲ ಸುಣ್ಣಕಲ್ಲಿನ ಗುಡ್ಡಗಳ ಫೋಟೋ ತೆಗೆಯುತ್ತಿದ್ದರು. ಮಾವ ಗದ್ದೆಯ ನಡುವಿನ ಸಮಾಧಿಗಳನ್ನು ನೋಡಿ, "ಅಪ್ಪನ್ನ ಗದ್ದೇಲೇ ಮಡಗವ್ರೆ, ನಮ್ಮಂಗೇಯ" ಎಂದು ದೋಣಿಯವಳಿಗೆ ಕನ್ನಡದಲ್ಲೇ ಹೇಳುತ್ತಿದ್ದರು. ಅವಳೂ ಕಾಲು ಆಡಿಸುತ್ತ ತನ್ನ ಭಾಷೆಯಲ್ಲಿ ಏನೋ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಸಮಾಧಾನವಾದಂತೆ ಕಂಡಿತು.

ಅಲ್ಲಿ ನಮ್ಮ ವಾಸ ಲಾನ್ ಎಂಬ ಹೆಂಗಸಿನ ಮನೆಯಲ್ಲಿ. ಮಾವನ ಬಾಯಲ್ಲಿ ಆಕೆ ಒಂದೇ ದಿನಕ್ಕೆ ಲಾನಮ್ಮ ಆದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ನಡುಮನೆಯಲ್ಲೇ ಹಿರಿಯರ ಪೀಠ. ಸೈನಿಕನ ಉಡುಪಿನಲ್ಲಿದ್ದ ಲಾನಮ್ಮನ ಮಾವನ ಫೋಟೋ, ಪಕ್ಕದಲ್ಲಿ ಆಕೆಯ ಅತ್ತೆಯ ಫೋಟೋ, ಮುಂದೆ ಹಣ್ಣು, ಊದುಬತ್ತಿ, ಒಂದು ಡಬ್ಬಿ ಬಿಯರು, ಸಿಗರೇಟಿನ ಪ್ಯಾಕು. ಆ ಸಿಗರೇಟು ನೋಡಿ ಮಾವ ಪೆಟ್ಟಿಗೆಯಿಂದ ಅಪ್ಪನ ಬೀಡಿಕಟ್ಟು ತೆಗೆದು ತೋರಿಸಿದರು. ಫೋನಿನ ಭಾಷಾಂತರದಲ್ಲಿ ನಮ್ಮ ಕಷ್ಟ ತೋಡಿಕೊಂಡೆವು. ಆಕೆ ಓದಿ ಒಂದು ಚೂರೂ ಆಶ್ಚರ್ಯಪಡಲಿಲ್ಲ. ಅವರಿಗೂ ಅಮಾವಾಸ್ಯೆಗೆ ಪೂಜೆ ಇತ್ತಂತೆ, ಹೇಗೂ ಇಡುತ್ತೇನೆ, ನಿಮ್ಮ ತಂದೆಯವರೂ ಬರಲಿ ಎಂದರು.

ಆ ಊರಿನ ಆಡಿನ ಮಾಂಸ ಹೆಸರುವಾಸಿ, ಪಾತ್ರೆಯ ತಳಕ್ಕೆ ಹಿಡಿದ ಅನ್ನವನ್ನು ಗರಿಗರಿಯಾಗಿ ಕರಿದು ಅದರ ಜೊತೆ ಕೊಡುತ್ತಾರೆ. ಎಡೆಗೆ ಅದೇ ಆಯಿತು. ಮುದ್ದೆಗೆ ಮಾವ ಒಂದು ಬಿದಿರುಕೋಲು ಹಿಡಿದು ರಾಗಿ ಹಿಟ್ಟು ತೊಳಸಿದರು. ಲಾನಮ್ಮನ ಪಾತ್ರೆ ಇನ್ನೆಂದೂ ಮೊದಲಿನಂತಾಗಲಿಲ್ಲ. ಬೋರೇಗೌಡರ ಫೋಟೋ ಪೀಠ ಏರಿತು. ಮಾವ ಮಂಡಿಯೂರಿ, ತಂದೆಯನ್ನು ದಾರಿ ಹೇಳಿ ಕರೆದರು. "ಅಪ್ಪೋ, ನರಸೀಪುರದಿಂದ ನಂಜನಗೂಡಿಗೆ ಬಾ. ಅಲ್ಲಿಂದ ಮೈಸೂರು, ಬೆಂಗಳೂರು. ಆಮೇಕೆ ಆಕಾಸದಲ್ಲಿ ಮೂಡ್ಲಾಗಿ ಬಾ. ಸಮುದ್ರ ಬತ್ತದೆ, ಎದುರ್ಕಬೇಡ."

"ಮಾವ, ನರಸೀಪುರದಿಂದ ಮೈಸೂರಿಗೆ ನೇರ ಬಸ್ಸಿದೆಯಲ್ಲ, ನಂಜನಗೂಡು ಸುತ್ತು" ಎಂದೆ ನಾನು, ಬಾಯಿ ಸುಮ್ಮನಿರದೆ.

"ನಮ್ಮಪ್ಪಂಗೆ ಗೊತ್ತಿರಾದೇ ನಂಜನಗೂಡಿನ ದಾರಿ. ಇರಾದು ಬುಟ್ಟು ಇಲ್ಲದ್ದು ಏಳಿ ದಾರಿ ತಪ್ಪಿಸ್ಬೇಡಿ" ಎಂದರು.

ಬಾಗಿಲು ಮುಂದೆ ಮಾಡಿ ಊದುಬತ್ತಿ ಉರಿದು ಮುಗಿಯುವತನಕ ಹೊರಗೆ ಕೂತೆವು. ಆಮೇಲೆ ಕಾಗೆಯ ಪಾಲು ಹಿಡಿದು ಅಂಗಳಕ್ಕೆ ಬಂದರೆ, ಕಾಗೆಯೇ ಇಲ್ಲ. ಗೊಬ್ಬರ ಮಾರುವ ದೊಡ್ಡ ದೊಡ್ಡ ಮನುಷ್ಯರೆಲ್ಲ ಗದ್ದೆಬದುವಿನ ಮೇಲೆ ಸಾಲಾಗಿ ನಿಂತು "ಕಾ, ಕಾ" ಎಂದು ಕೂಗಿದರು. ವಿಯೆಟ್ನಾಮಿನ ಆಕಾಶ ಓಗೊಡಲಿಲ್ಲ. ಆ ಗದ್ದಲಕ್ಕೆ ಬಂದವು ಲಾನಮ್ಮನ ಬಾತುಕೋಳಿಗಳು. ಓಡಿಸುವ ಮೊದಲೇ ಎಲೆ ಬರಿದು. ಹೇಳಬೇಕಾದ ಮಾತೆಂದರೆ, ಅವು ಮುದ್ದೆಯನ್ನು ಅಗಿಯದೆ, ಕ್ರಮವಾಗಿ ನುಂಗಿದವು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಅದು ಬಂದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಸ್ಸಿನವನು ಅವಸರ ಮಾಡಿದ. ಬೋರೇಗೌಡರ ಫೋಟೋ ಪೀಠದ ಮೇಲೆಯೇ ಉಳಿಯಿತು ಎನ್ನುವುದು ಮಾವನಿಗೆ ನೆನಪಾಗಿದ್ದು ವಿಮಾನ ಮೇಲೆದ್ದ ಮೇಲೆ. ಅವರು ಎದ್ದು ನಿಂತು "ಇಳಿಸ್ರಪ್ಪಾ" ಎಂದರು. ಇಳಿಸಲಿಲ್ಲ.

ಊರಿಗೆ ಬಂದು ಹೇಳಿದಾಗ ಅಜ್ಜಿ ನಮ್ಮ ಮಾತನ್ನೆಲ್ಲ ಪೂರ್ತಿ ಕೇಳಿದರು. ಆಮೇಲೆ, "ಕಾಗೆ ಆಗಿದ್ರೆ ಆರ್ಕೊಂಡಾದ್ರೂ ಬತ್ತಿತ್ತು. ಬಾತುಕೋಳಿ ಎಲ್ಲಿಗಂತ ಆರ್ತದೆ? ಅವ್ರು ಅಲ್ಲೇ ಉಳ್ಕೊಂಡ್ರು" ಎಂದರು. ನಾನು ನಗು ತಡೆದು, ದೊಡ್ಡ ಫೋಟೋ ಇಲ್ಲೇ ಗೋಡೆಯ ಮೇಲೆ ಇದೆಯಲ್ಲ ಅಂದೆ. "ಫೋಟೋ ಅದೆ ಮೇಷ್ಟ್ರೇ. ಅವ್ರಿಲ್ಲ" ಎಂದರು.

ಮರುದಿನದಿಂದ ಗೋಡೆಯ ಫೋಟೋ ಮುಂದೆ ಕಾಫಿ ಇಲ್ಲ. ಮನೆಯಲ್ಲಿಲ್ಲದ ಮನುಷ್ಯನಿಗೆ ಯಾಕೆ? ಜಗಳವೂ ಇಲ್ಲ. ಬೋರೆವೆಲ್ ಕೆಟ್ಟಿತು, ಕರೆಂಟು ಹೋಯಿತು, ಅಜ್ಜಿ ಯಾರನ್ನೂ ಬೈಯಲಿಲ್ಲ. ಊಟ ಎರಡು ತುತ್ತಿಗೆ ಇಳಿಯಿತು. ಮಾವ ಅಂಗಡಿಯಿಂದ ನನಗೆ ಫೋನ್ ಮಾಡಿ, "ಅವ್ವ ಬೈತಾನೇ ಇಲ್ಲ ಅಳಿಯಂದ್ರೇ" ಎಂದು ಅಳುವ ದನಿಯಲ್ಲಿ ಹೇಳುತ್ತಿದ್ದರು. ಮೊದಮೊದಲು ಶಾಲೆಯಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಒಂದು ಭಾನುವಾರ ಹೆಮ್ಮಿಗೆಯಲ್ಲಿ ಮಲಗಿದ್ದು, ಬೆಳಿಗ್ಗೆ ಆ ಜಗಳ ಕೇಳದೆ ಎಚ್ಚರವಾಯಿತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಅಜ್ಜ ನಿಜವಾಗಿ ಸತ್ತದ್ದು ಆವತ್ತು ಅನ್ನಿಸಿತು. ಅಜ್ಜಿಯೂ ಅವರ ಹಿಂದೆಯೇ ಹೊರಟಿದ್ದಾರೆ ಎನ್ನುವುದು ಕಾಣುತ್ತಿತ್ತು.

ಅಂದೇ ಲಾನಮ್ಮನಿಗೆ ಬರೆದು ಕೇಳಿದೆ. ಆಕೆ ಒಂದು ಫೋಟೋ ಕಳಿಸಿದರು. ನಮ್ಮ ಬೋರೇಗೌಡರು ಪೀಠದ ಮೇಲೆ ಆರಾಮವಾಗಿದ್ದರು. ಮುಂದೆ ಹಣ್ಣು, ಬಿಯರು. ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ತನ್ನವರ ಜೊತೆ ಅವರಿಗೂ ಇಡುತ್ತಿದ್ದೇನೆ, ಬೇಕಾದರೆ ಅಂಚೆಯಲ್ಲಿ ಕಳಿಸುತ್ತೇನೆ ಎಂದು ಬರೆದಿದ್ದರು.

ಮಾವ ಫೋನನ್ನು ಅಜ್ಜಿಯ ಕಣ್ಣಿನ ಹತ್ತಿರ ಹಿಡಿದರು. ಅಜ್ಜಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಅವ್ರ ಪಕ್ಕ ಕೂತಿರೋ ಎಂಗ್ಸು ಯಾರ್ಲಾ?"

"ಲಾನಮ್ಮನ ಅತ್ತೆ ಕಣವ್ವಾ. ಸತ್ತೋಗವ್ಳೆ."

"ಅದೇ ಕಣ್ಲಾ ನಾ ಕೇಳ್ತಿರಾದು! ಅವ್ರೂ ಸತ್ತೋಗವ್ರೆ!"

"ಆ ಕಡೆ ಅವಳ ಗಂಡನೂ ಅವ್ನೆ, ಮಿಲಿಟ್ರಿಯೋನು" ಎಂದು ಮಾವ ಸಮಾಧಾನ ಹೇಳಲು ಹೋದರು. ಸುಟ್ಟ ಗಾಯದ ಮೇಲೆ ಉಪ್ಪು ಸುರಿದ ಹಾಗಾಯಿತು. ಅಜ್ಜಿ ಎದ್ದು ನಿಂತರು. ಗೋಡೆಯ ಫೋಟೋಗೆ ಬೆನ್ನು ಮಾಡಿ, ಮೂಡಲ ದಿಕ್ಕಿಗೆ ತಿರುಗಿ, ತಿಂಗಳುಗಟ್ಟಲೆ ಕಟ್ಟಿಟ್ಟಿದ್ದನ್ನೆಲ್ಲ ಬೈದರು. ಮಾವ ಕಣ್ಣೊರೆಸಿಕೊಂಡು ನನ್ನ ಕೈ ಅದುಮಿದರು. ಅಂದು ಅಜ್ಜಿ ಮುದ್ದೆ ಪೂರ್ತಿ ಉಂಡರು.

ಅಂಚೆಯಲ್ಲಿ ತರಿಸೋಣ ಎಂದದ್ದಕ್ಕೆ, "ಗಂಡನ್ನ ಪೋಸ್ಟಲ್ಲಿ ತರಿಸ್ಕಳಾಕಾಯ್ತದಾ? ನಾನೇ ಓಗಿ ಕರೀಬೇಕು" ಎಂದರು. ಹೀಗೆ ನಮ್ಮ ಅಜ್ಜಿಯ ಪಾಸ್‌ಪೋರ್ಟ್ ಕೆಲಸ ಶುರುವಾಯಿತು. ವಿಚಾರಣೆಗೆ ಬಂದ ಪೊಲೀಸಿನವರು, "ಯಾಕಜ್ಜಿ ಈ ವಯಸ್ಸಲ್ಲಿ ಫಾರಿನ್ನು?" ಎಂದು ನಗುತ್ತ ಕೇಳಿದರು. "ಯಜಮಾನ್ರು ಅಲ್ಲವ್ರೆ" ಎಂದರು ಅಜ್ಜಿ. ಅರ್ಜಿಯಲ್ಲಿ ಗಂಡ ಮೃತ ಎಂದಿತ್ತು. ಆತ ನನ್ನತ್ತ ನೋಡಿದರು. ವಿಜ್ಞಾನದ ಮೇಷ್ಟರಾದ ನಾನು, "ಹೌದು ಸಾರ್, ಎರಡೂ ನಿಜ" ಎಂದೆ. ಆತ ಕಾಫಿ ಕುಡಿದು, ಸಹಿ ಹಾಕಿಸಿಕೊಂಡು, ಒಂದು ಸಲವೂ ಹಿಂದಕ್ಕೆ ನೋಡದೆ ಹೋದರು.

ಮೊನ್ನೆ ಆ ಬಾತುಕೋಳಿಗಳನ್ನು ದಾಟಿಕೊಂಡು ನಾನು ಹೆಮ್ಮಿಗೆಗೆ ಹೋಗಿದ್ದು ಟಿಕೆಟ್ ಮಾಡಿಸಲು. ಪಾಸ್‌ಪೋರ್ಟ್ ಬಂದಿತ್ತು. ಅಜ್ಜಿ ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು. ಮೈಸೂರಿನ ಟ್ರಾವೆಲ್ಸಿನವನಿಗೆ ಫೋನ್ ಹಚ್ಚಿದೆ. ಹೋಗುವಾಗ ಎಷ್ಟು ಜನ ಎಂದ. ಮೂವರು, ನಾನು, ಮಾವ, ಅಜ್ಜಿ ಎಂದೆ. ಬರುವಾಗಲೂ ಮೂರೇ ತಾನೇ ಎಂದ.

ಕುಟ್ಟುವ ಸದ್ದು ನಿಂತಿತು.

"ಅವ್ರು ಬತ್ತೀನಿ ಅಂತಾರೋ ಇಲ್ವೋ, ಅಲ್ಲೇ ಸುಖವಾಗವ್ರೋ ಏನೋ" ಎಂದರು ಅಜ್ಜಿ, ಮೆಲ್ಲಗೆ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡರು. "ಬಂದ್ರೆ ಮಾತ್ರ, ಮೇಷ್ಟ್ರೇ, ಓಗೋವಾಗ ಪಾಪ ಪೆಟ್ಟಿಗೇಲಿ ಬಟ್ಟೆ ಮಧ್ಯ ಓದ್ರು, ಏನೂ ನೋಡ್ಲಿಲ್ಲ."

ಟ್ರಾವೆಲ್ಸಿನವನು ಹಲೋ ಹಲೋ ಎನ್ನುತ್ತಿದ್ದ.

"ಬರುವಾಗ ನಾಲ್ಕು ಸೀಟು ಹಾಕಪ್ಪಾ" ಎಂದೆ. "ಒಂದು ಕಿಟಕಿ ಪಕ್ಕ ಇರಲಿ."