ಜವೆಗೋಧಿ ನೀರು ಎಂದು ಹೇಳಿದ್ದು

ನಾನು ಮನೆಯಲ್ಲಿ ಬಿಯರ್ ಮಾಡಲು ಶುರುಮಾಡಿದ್ದು ಮಾನಕ್ಕೆ ಹೆದರಿ. ವಾಡಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಹಾಜರಿ ಬರೆಯುತ್ತಾ ಕೂತವನು ನಾನು. ಅರ್ಧ ಊರಿಗೆ ನನ್ನ ಮುಖ ಗೊತ್ತು. ಮನೆತನ ದೇವರ ಪೂಜೆಯದು. ನೌಕರಿಯಲ್ಲಿದ್ದಾಗ ಕಲಬುರಗಿಗೆ ಹೋದರೆ ಗುರುತಿನವರಿಲ್ಲದ ಹೋಟೆಲು ನೋಡಿ ಒಂದು ಬಾಟ್ಲಿ ಕುಡಿದು ಬರುತ್ತಿದ್ದೆ. ರಿಟೈರ್ ಆದ ಮೇಲೆ ಅಲ್ಲಿಗೆ ಹೋಗುವ ನೆಪ ತಪ್ಪಿತು. ಇಲ್ಲಿಯ ವೈನ್ ಶಾಪಿನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ.

ಮೊಬೈಲಿನಲ್ಲಿ ನೋಡಿ ಕಲಿತೆ. ಸಾಮಾನು ಪಾರ್ಸೆಲ್‌ನಲ್ಲಿ ಬಂತು, ಬಾಟ್ಲಿ ಗುಜರಿಯವನಲ್ಲಿ ಸಿಕ್ಕವು. ಹೆಂಡತಿ ಕೇಳಿದಾಗ ಜವೆಗೋಧಿ ನೀರು, ಕಿಡ್ನಿಯ ಕಲ್ಲಿಗೆ ಒಳ್ಳೆಯದು ಎಂದೆ. ನಮ್ಮ ಕಡೆಯ ನೀರಿನಲ್ಲಿ ಸುಣ್ಣವೇ ಹೆಚ್ಚು, ಕಲ್ಲು ಇಲ್ಲದ ಮನೆ ಕಡಿಮೆ. ಆಕೆ ನಂಬಿದಳು, ಇಲ್ಲವೇ ನಂಬಿದಂತೆ ಇದ್ದುಬಿಟ್ಟಳು.

ಬಿಯರ್ ಆಯಿತು, ಗ್ಯಾಸ್ ಆಗಲಿಲ್ಲ. ಬಾಟ್ಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಹಾಕಿ ಮುಚ್ಚಳ ಒತ್ತಿದರೆ ಒಳಗೇ ಗ್ಯಾಸ್ ಹುಟ್ಟಬೇಕು. ಎಂಟು ದಿನ ಬಿಟ್ಟು ತೆಗೆದರೆ ಚಸ್ ಎನ್ನಲಿಲ್ಲ, ನೊರೆ ಬರಲಿಲ್ಲ. ಇನ್ನೊಂದು ಬಾಟ್ಲಿ ತೆಗೆದರೆ ಅರ್ಧ ಬಿಯರ್ ಛತ್ತಿನವರೆಗೆ ಚಿಮ್ಮಿತು.

ಗ್ಯಾಸ್ ಅಂದಕೂಡಲೇ ನೆನಪಾದವನು ನನ್ನ ಬಾಲ್ಯದ ಗೆಳೆಯ. ಅವನದು ತಂದೆಯ ಕಾಲದಿಂದ ಗೋಲಿಸೋಡಾದ ಅಂಗಡಿ. ಪ್ಲಾಸ್ಟಿಕ್ ಬಾಟ್ಲಿ ಬಂದು ಅಂಗಡಿ ಮುಚ್ಚಿತು, ಮಷಿನ್ನು ಗುಜರಿಗೆ ಹೋಯಿತು. ಗ್ಯಾಸು ಎಷ್ಟಿದೆ ಎಂದು ಅವನು ಮಷಿನ್ನಿನ ಮುಳ್ಳು ನೋಡಿ ಹೇಳುತ್ತಿರಲಿಲ್ಲ. ಒಂದು ಗುಟುಕು ನಾಲಿಗೆಯ ಮೇಲೆ ಹಿಡಿದು, ಚುರುಗುಟ್ಟುವುದನ್ನು ನೋಡಿ, ನುಂಗಿ ಹೇಳುತ್ತಿದ್ದ. ಐದು ಹೊತ್ತು ನಮಾಜು ಮಾಡುವವನು, ಶರಾಬು ಮುಟ್ಟಿದವನಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅವನನ್ನು ಕರೆದೆ. ಜವೆಗೋಧಿ ನೀರು ಎಂದೆ.

ಅವನು ಗುಟುಕು ಹಿಡಿದ, ನುಂಗಿದ. ಕಹಿ ಯಾಕೆ ಎಂದ. ಔಷಧಿ ಮೂಲಿಕೆ ಎಂದೆ. ಬಾಟ್ಲಿಗಳನ್ನು ಮುಟ್ಟಿ ನೋಡಿದ. ಫರಸಿ ನೆಲದ ಮೇಲೆ ಯಾಕೆ ಇಟ್ಟಿ, ಥಂಡಿಯಲ್ಲಿ ಈ ಕಲ್ಲು ಹಿಮದ ಹಾಗೆ ಆಗುತ್ತದೆ, ಗೋಣಿ ಹಾಸಿ ಮೇಲೆ ಕೌದಿ ಹೊದಿಸು ಎಂದ. ಚಮಚದಲ್ಲಿ ಬಾಟ್ಲಿಗೊಂದರಂತೆ ಸಕ್ಕರೆ ಸುರಿದರೆ ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಆಗುತ್ತದೆ, ಪಾಕ ಮಾಡಿ ದೊಡ್ಡ ಪಾತ್ರೆಯಲ್ಲೇ ಕಲಸು ಎಂದ. ನಾನು ಎಂಟು ದಿನ ಕಾದಿದ್ದೆನಲ್ಲ ಎಂದಾಗ ನಕ್ಕ.

"ಮಂದಿ ಐದ್ ಮಿನಿಟ್ ತಡಾ ಬಂದ್ರ ಪಗಾರ ಕಟ್ ಮಾಡಾಂವ ನೀ. ಬಾಟ್ಲಿ ನಿನ್ ಹಾಜರಿ ಬುಕ್ಕಿಗೆ ಹೆದರ್ತದೇನು? ಇಪ್ಪತ್ ದಿನ ಸುಮ್ಮ ಕುಂದ್ರು."

ಆ ಚಳಿಗಾಲ ಅವನು ಎಷ್ಟೋ ಸಲ ಬಂದ. ಬಂದಾಗಲೆಲ್ಲ ಒಂದೊಂದು ಗುಟುಕು. ಅವನ ನಾಲಿಗೆ ಮತ್ತೆ ಒಬ್ಬರಿಗೆ ಬೇಕಾಗಿತ್ತು, ಆ ಖುಷಿ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಮೂರನೇ ಸಲ ಮಾಡಿದ್ದು ಸರಿಯಾಗಿ ಬಂತು. ಸಣ್ಣ ಗುಳ್ಳೆ, ನಿಂತ ನೊರೆ. ಅವನು ಕಣ್ಣು ಮುಚ್ಚಿ ಭಾಳ ಚಲೋ ಆಗೇದ ಎಂದ. ಆಮೇಲೆ ತನಗೂ ಕಿಡ್ನಿಯಲ್ಲಿ ಕಲ್ಲಾಗಿದೆ, ಡಾಕ್ಟರು ಜವೆಗೋಧಿ ನೀರೇ ಕುಡಿಯಲು ಹೇಳಿದ್ದಾರೆ, ನಾಲ್ಕು ಬಾಟ್ಲಿ ಕೊಡು ಎಂದ. ನಾಳೆಯಿಂದ ರೋಜಾ, ಸಂಜೆ ಉಪವಾಸ ಬಿಟ್ಟ ಮೇಲೆ ಕುಡಿಯುತ್ತೇನೆ ಎಂದ.

ಒಂದು ಮಾತು ಹೇಳಬೇಕಿತ್ತು. ಹೇಳಿದರೆ ನನ್ನ ಗುಟ್ಟು ಹೋಗುತ್ತಿತ್ತು. ನಾಲ್ಕೂ ಬಾಟ್ಲಿ ಚೀಲದಲ್ಲಿ ಹಾಕಿ ನಾನೇ ಕೈಗೆ ಕೊಟ್ಟೆ.

ಮೂರನೇ ದಿನ ಮಧ್ಯಾಹ್ನ ಬಂದ. ಒಳಗೆ ಬರಲಿಲ್ಲ. ಹಿಂದಿನ ಸಂಜೆ ರೋಜಾ ಬಿಡಲು ಸುಲೇಪೇಟದಿಂದ ಅವನ ತಮ್ಮ ಬಂದಿದ್ದನಂತೆ. ಲಾರಿ ಓಡಿಸಿ ನಾಲ್ಕೂರು ಕಂಡವನು. ಗ್ಲಾಸು ಮೂಸಿ, ಅಣ್ಣ, ಇದು ಶರಾಬು ಎಂದು ಎಲ್ಲರ ಮುಂದೆ ಅಂದನಂತೆ.

"ಅದ್ರಾಗ ಏನಿತ್ತು? ಖರೆ ಹೇಳು."

"ಜವೆಗೋಧಿ. ಹುಳಿ ಬಂದಿರಬೇಕು."

"ಬಸ್. ನೀ ಅಂದಿ ಅಂದ್ರ ಮುಗೀತು."

ಅವನು ಮನೆಗೆ ಹೋಗಿ ತಮ್ಮನನ್ನು ಸುಳ್ಳ ಎಂದ. ಪವಿತ್ರ ತಿಂಗಳಲ್ಲಿ ಅಣ್ಣನ ಮೇಲೆ ಹೊಲಸು ಆರೋಪ ಹೊರಿಸುತ್ತೀಯಾ ಎಂದು ಹೊರಗೆ ಹಾಕಿದ. ಆ ವರ್ಷ ತಮ್ಮನ ಮಗಳ ಮದುವೆಗೂ ಹೋಗಲಿಲ್ಲ. ನನ್ನ ಮಾತಿನ ಮೇಲೆ. ನಾನು ಸಾಮಾನೆಲ್ಲ ಗುಜರಿಗೆ ಹಾಕಿದೆ, ಬಾಯಿ ಮಾತ್ರ ತೆರೆಯಲಿಲ್ಲ. ಅವನು ಮೊದಲಿನಂತೆಯೇ ಬರುತ್ತಿದ್ದ, ನನ್ನ ಕಟ್ಟೆಯ ಮೇಲೆ ಕೂತು ತಮ್ಮನನ್ನು ಬೈಯುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ.

ಒಂದು ದಿನ ಬೈಯುತ್ತಾ ಬೈಯುತ್ತಾ ಅತ್ತುಬಿಟ್ಟ. ಆಗ ಹೇಳಿದೆ. ಅದು ಬಿಯರೇ ಎಂದು, ಮೊದಲ ಗುಟುಕಿನಿಂದಲೂ ಎಂದು.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

"ನಾ ಗೊತ್ತಿಲ್ದ ಕುಡ್ದೀನಿ, ಅದನ್ನ ಅಲ್ಲಾ ಮಾಫ್ ಮಾಡ್ತಾನ. ತಮ್ಮಗ ಸುಳ್ಳ ಅಂದೀನಲ್ಲ, ಅದು ನನ್ ಬಾಯಿಲೇ, ಬೇಕಂತ ಅಂದೀನಿ. ನಡಿ, ನಾಳಿ ಸುಲೇಪೇಟಕ ಹೋಗೂಣು. ಅಂವನ ಮುಂದ ನೀನೇ ಹೇಳು."

ತಮ್ಮನ ಮನೆ ಇರುವುದು ನಮ್ಮ ಬೀಗರ ಓಣಿಯಲ್ಲಿ. ನನ್ನ ಮಗಳನ್ನು ಕೊಟ್ಟ ಮನೆ. ಮೊಣಕಾಲು ನೋವು, ಎರಡು ದಿನ ತಡೆ ಎಂದೆ.

ಅವನು ತಡೆಯಲಿಲ್ಲ. ಮುಂಜಾನೆ ಒಬ್ಬನೇ ಹೋದ, ಸೇಡಂನಲ್ಲಿ ಬಸ್ಸು ಬದಲಿಸಿ. ವಾರದ ಮೇಲೆ ಮಗಳು ಫೋನಿನಲ್ಲಿ ಬೇರೆ ಮಾತಿನ ನಡುವೆ ಹೇಳಿದಳು: ನಿಮ್ಮ ಗೆಳೆಯನೂ ಅವನ ತಮ್ಮನೂ ಒಂದಾದರು, ಅಣ್ಣ ಬಂದು ತಮ್ಮನ ಕೈ ಹಿಡಿದು ತಪ್ಪು ನಂದೇ ಎಂದನಂತೆ, ಆ ಬಾಟ್ಲಿ ಎಲ್ಲಿಂದ ತಂದೆ ಎಂದು ಯಾರು ಕೇಳಿದರೂ ಹೇಳಲಿಲ್ಲವಂತೆ.

ಅದನ್ನು ಕೇಳಿದಾಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಸಮಾಧಾನ. ಸದ್ಯ, ನನ್ನ ಹೆಸರು ಬರಲಿಲ್ಲ ಎಂದು ಉಸಿರು ಬಿಟ್ಟೆ. ಸುಳ್ಳು ಹೇಳಿದ್ದಕ್ಕಿಂತ, ಬಾಟ್ಲಿ ಕೊಟ್ಟದ್ದಕ್ಕಿಂತ, ಆ ಒಂದು ಉಸಿರಿಗೆ ನನಗೆ ಮಾಫಿ ಇಲ್ಲ. ಅವನು ಈಗ ನಮ್ಮ ಓಣಿಗೆ ಬರುವುದಿಲ್ಲ. ನಾನೂ ಅವನ ಮನೆಗೆ ಹೋಗಿಲ್ಲ.